ಫಿಟ್ಸ್ ಬರೆದಿಡುವ ಪುಸ್ತಕದಲ್ಲಿ ಒಂದು ಕಾಲಂ ಕಮ್ಮಿ

ಸಂಪಾದಕರಿಗೆ ನಮಸ್ಕಾರ.

ಎರಡು ಭಾನುವಾರದ ಹಿಂದೆ ನಿಮ್ಮ ಆರೋಗ್ಯ ಪುಟದ ಪ್ರಶ್ನೋತ್ತರದಲ್ಲಿ ಒಬ್ಬ ತಾಯಿ ಬರೆದಿದ್ದರು. ಮಗಳಿಗೆ ಹದಿನಾರು ವರ್ಷ, ಫಿಟ್ಸ್ ಇದೆ, ಮುಟ್ಟಿನ ಹೊತ್ತಿಗೆ ಜಾಸ್ತಿ ಬರುತ್ತದೆ, ಯಾಕೆ ಹೀಗೆ ಅಂತ. ಉತ್ತರ ಮೂರೇ ಸಾಲು. ಹಾರ್ಮೋನ್ ಏರುಪೇರು, ಚಿಂತೆ ಬೇಡ, ಮಾತ್ರೆ ಬಿಡಬೇಡಿ. ಇದರಲ್ಲಿ ತಪ್ಪೇನೂ ಇಲ್ಲ. ಮಾತ್ರೆ ಬಿಡಬಾರದು ಅನ್ನುವುದಂತೂ ನೂರಕ್ಕೆ ನೂರು ಸರಿ. ಆದರೆ ಆ ತಾಯಿ ಕೇಳಿದ್ದು 'ಯಾಕೆ' ಅಂತ. ಅದಕ್ಕೆ ಉತ್ತರ ಸಿಗಲಿಲ್ಲ. ನಲವತ್ತು ವರ್ಷದ ಹಿಂದೆ ನನ್ನ ಅವ್ವನಿಗೂ ಸಿಕ್ಕಿರಲಿಲ್ಲ.

ನಾನು ಕೊಳ್ಳೇಗಾಲ ತಾಲ್ಲೂಕಿನ ಹಳ್ಳಿಯವಳು. ಮೈಸೂರಿನಲ್ಲಿ ಬಿ.ಎಸ್ಸಿ. ಓದಿದೆ. ಆಮೇಲೆ ಗಂಡನ ಊರಿನ ಹಾಲಿನ ಡೇರಿಯಲ್ಲಿ 24 ವರ್ಷ ಕಾರ್ಯದರ್ಶಿಯಾಗಿದ್ದೆ. ಬೆಳಿಗ್ಗೆ ಸಂಜೆ ಹಾಲಿನ ಫ್ಯಾಟ್ ನೋಡಿ ಬರೆಯುವುದೇ ಕೆಲಸ. ಡಾಕ್ಟರ್ ಅಲ್ಲ. ಆದರೆ ಫಿಟ್ಸ್ ಜೊತೆ ಬದುಕಿದವಳು.

ಮೊದಲನೆಯದು ಬಂದದ್ದು 1982ರಲ್ಲಿ, ಬಚ್ಚಲಲ್ಲಿ. ಆಗ ನನಗೆ ಹದಿನಾಲ್ಕು. ಮೈನೆರೆದು ನಾಲ್ಕು ತಿಂಗಳಾಗಿತ್ತು. ನಮ್ಮ ಮನೆಯಲ್ಲಿ ಮುಟ್ಟಾದ ದಿನವೇ ತಲೆಗೆ ನೀರು ಹಾಕಿಕೊಂಡು ಹೊರಗೆ ಕೂರಬೇಕಿತ್ತು. ಹಂಡೆಯಲ್ಲಿ ನೀರು ಮರಳುತ್ತಿತ್ತು. ಅವ್ವ ಎರಡು ಚೊಂಬು ಹುಯ್ದದ್ದು ಗೊತ್ತು. ಮೂರನೆಯದು ನೆನಪಿಲ್ಲ. ಎಚ್ಚರವಾದಾಗ ಕೈಯಲ್ಲಿ ಬೀಗದ ಕೈ ಗೊಂಚಲು, ಬಾಯಲ್ಲಿ ರಕ್ತ, ಬಾಗಿಲಲ್ಲಿ ಅರ್ಧ ಊರು.

ನಮ್ಮ ಕಡೆ ಬಿಸಿನೀರಿನ ಫಿಟ್ಸ್ ಹೊಸದಲ್ಲ. ತಲೆಗೆ ತೀರಾ ಬಿಸಿ ನೀರು ಹುಯ್ದುಕೊಂಡರೆ ಕೆಲವರಿಗೆ ಬರುತ್ತದೆ. ಗಂಡಸರಿಗೇ ಹೆಚ್ಚು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಜೊತೆಗಾರರು 1968ರಲ್ಲೇ ಇದರ ಬಗ್ಗೆ ವರದಿ ಬರೆದಿದ್ದರು. ನಂತರ ಇದೇ ಡಾ. ಮಣಿ ಅವರ ತಂಡ ನಮ್ಮ ಪಕ್ಕದ ಯಳಂದೂರಿನಲ್ಲಿ ಮನೆಮನೆ ತಿರುಗಿ ಮೂರ್ಛೆ ಇರುವವರನ್ನು ಹುಡುಕಿ, ಕಡಿಮೆ ಬೆಲೆಯ ಮಾತ್ರೆಯಲ್ಲೇ ಎಷ್ಟೋ ಜನರನ್ನು ಹತೋಟಿಗೆ ತರಬಹುದು ಅಂತ ತೋರಿಸಿತು. ಈ ಹೆಸರು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಹಾಗಾಗಿ ನನ್ನದೂ ಬಿಸಿನೀರಿನದೇ ಅಂತ ಎಲ್ಲರೂ ತೀರ್ಮಾನ ಮಾಡಿದರು. ಐದು ವರ್ಷ ಉಗುರುಬೆಚ್ಚಗಿನ ನೀರು. ಚಳಿಗಾಲದಲ್ಲೂ. ಆದರೂ ಫಿಟ್ಸ್ ಬಂತು. ಪರೀಕ್ಷೆ ಕೊಠಡಿಯಲ್ಲಿ ಬಂತು, ಬಸ್ಸಿನಲ್ಲಿ ಬಂತು, ರಾಗಿ ಕಲ್ಲಿನ ಮುಂದೆ ಬಂತು. ಆಮೇಲೆ ಮಾದಪ್ಪನ ಬೆಟ್ಟಕ್ಕೆ ಹರಕೆ. ಆಮೇಲೆ ದೊಡ್ಡ ಊರಿನ ಒಬ್ಬ ಡಾಕ್ಟರು. ಮಾತ್ರೆ ಕೊಟ್ಟರು, ಅದರಿಂದ ಕಮ್ಮಿಯೂ ಆಯಿತು. ಅವ್ವ ಹೆದರಿ ಹೆದರಿ, ಮುಟ್ಟಿನ ಹಿಂದೆ ಮುಂದೆನೇ ಬರುತ್ತೆ ಸ್ವಾಮಿ, ಅಂದಳು. ಅವರು ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತಲಿಲ್ಲ. ಮದುವೆ ಮಾಡಿಬಿಡಿ, ಸರಿಹೋಗುತ್ತೆ ಅಂದರು.

1991ರಲ್ಲಿ ಮದುವೆ ಮಾಡಿದರು. ಮುಚ್ಚಿಟ್ಟು. ಆಗ ಹಿಂದೂ ವಿವಾಹ ಕಾಯ್ದೆಯಲ್ಲಿ ಪದೇ ಪದೇ ಬರುವ ಮೂರ್ಛೆ ರೋಗವನ್ನು ಹುಚ್ಚಿನ ಪಕ್ಕದಲ್ಲೇ ಬರೆದಿದ್ದರು. ಮದುವೆ ರದ್ದು ಮಾಡಿಸಲು ಅದೊಂದು ಕಾರಣ ಸಾಕಿತ್ತು. ಮೂರ್ಛೆಯ ಆ ಮಾತು ತೆಗೆದದ್ದು 1999ರಲ್ಲಿ. ಎಂಟು ವರ್ಷ ನಾನು ಆ ಕಾನೂನಿನ ಕೆಳಗೆ ಸಂಸಾರ ಮಾಡಿದ್ದೇನೆ. ಅದು ಇತ್ತು ಅಂತ ಗೊತ್ತಾದದ್ದು ಮಾತ್ರ ಅದು ಹೋದ ಮೇಲೆ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು.

ನಾಲ್ಕನೇ ತಿಂಗಳಿಗೆ ಕೊಟ್ಟಿಗೆಯಲ್ಲಿ ಬಿದ್ದೆ. ಅತ್ತೆ ನೋಡಿದರು. ಗಲಾಟೆ ಆಗುತ್ತೆ ಅಂತ ನಾನು ಎರಡು ದಿನ ಊಟ ಮಾಡಲಿಲ್ಲ. ಅತ್ತೆಗೆ ಓದು ಬರುತ್ತಿರಲಿಲ್ಲ, ಆದರೆ ದನದ ವಿಷಯದಲ್ಲಿ ಅವರನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಯಾವ ಹಸು ಯಾವತ್ತು ಬೆದೆಗೆ ಬಂತು ಅನ್ನುವುದನ್ನು ಕೊಟ್ಟಿಗೆ ಗೋಡೆ ಮೇಲೆ ಇದ್ದಿಲಿನಲ್ಲಿ ಗೆರೆ ಹಾಕಿಡುತ್ತಿದ್ದರು. ಇಪ್ಪತ್ತೊಂದು ದಿನಕ್ಕೊಂದು ಸಲ. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಗಬ್ಬಕ್ಕೆ ಸೂಜಿ ಹಾಕಿಸಬೇಕು, ಸಂಜೆ ಕಂಡರೆ ಮಾರನೆ ದಿನ ಬೆಳಿಗ್ಗೆ. ಒಂದು ದಿನ ತಪ್ಪಿದರೆ ಮೂರು ವಾರ ಕಾಯಬೇಕು, ಹಾಲೂ ಹೋಯಿತು ದುಡ್ಡೂ ಹೋಯಿತು.

ಅತ್ತೆ ಹೇಳಿದ್ದು ಇಷ್ಟೇ. "ದನಕ್ಕೆ ಬರ್ದು ಮಡಗ್ತೀವಿ, ನಿಂದೂ ಬರ್ದು ಮಡಗು ಮಗ. ಯಾವತ್ತು ಬತ್ತದೆ ಅಂತ ಗೊತ್ತಾದ್ರೆ ಅವತ್ತು ಬಾವಿ ತಾವ್ಕೆ ಹೋಗಂಗಿಲ್ಲ."

ನನಗೆ ಫಿಟ್ಸ್ ಬಂದ ದಿನದಿಂದ ಯಾರೂ ಹೇಳದ ಮಾತು ಅದು. ಗೋಡೆ ಕ್ಯಾಲೆಂಡರಿನಲ್ಲಿ ಮುಟ್ಟಾದ ದಿನಕ್ಕೆ ಕೆಂಪು ಸುತ್ತು, ಫಿಟ್ಸ್ ಬಂದ ದಿನಕ್ಕೆ ನೀಲಿ ಗೀಟು. ಮೂರು ವರ್ಷ ಬರೆದೆ. ಒಟ್ಟು 27 ಫಿಟ್ಸ್. ಅದರಲ್ಲಿ 19, ಮುಟ್ಟಿಗೆ ಹಿಂದಿನ ಮೂರು ದಿನ ಮತ್ತು ಮುಟ್ಟಾದ ಮೊದಲ ಮೂರು ದಿನದೊಳಗೆ. ತಿಂಗಳಿಡೀ ಸಮನಾಗಿ ಹಂಚಿದ್ದರೆ ಆ ಆರು ದಿನಕ್ಕೆ ಬರಬೇಕಿದ್ದು ಸುಮಾರು ಆರು. ಬಿಸಿನೀರು ಪಾಪ ಸುಮ್ನೆ ಬೈಸಿಕೊಂಡಿತ್ತು. ನಾನು ತಲೆಗೆ ನೀರು ಹಾಕಿಕೊಳ್ಳುತ್ತಿದ್ದದ್ದೇ ಮುಟ್ಟಾದ ದಿನ, ಅಲ್ವಾ? ಎರಡೂ ಒಂದೇ ಬಚ್ಚಲಿನಲ್ಲಿ ಇದ್ದವು. ಹಿಡಿದದ್ದು ಒಂದನ್ನೇ.

ಈಗ 'ಯಾಕೆ'ಗೆ ಬರುತ್ತೇನೆ. ನನ್ನ ತಂಗಿ ಮಗಳು ಬೆಂಗಳೂರಿನಲ್ಲಿ ನರಗಳ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಅವಳು ಫೋನಿನಲ್ಲಿ ಹೇಳಿದ್ದನ್ನು, ಕಳಿಸಿದ್ದನ್ನು ಓದಿ ನನಗೆ ತಿಳಿದಷ್ಟು ಬರೆಯುತ್ತೇನೆ.

ಮೆದುಳಿನಲ್ಲಿ ಒಂದು ಜೀವಕೋಶ ಇನ್ನೊಂದನ್ನು ಎಬ್ಬಿಸಲು ಬಳಸುವ ಮುಖ್ಯ ವಸ್ತು ಗ್ಲುಟಮೇಟ್. ಹೌದು, ಗೋಬಿ ಮಂಚೂರಿಗೆ ಹಾಕುವ ಅಜಿನೊಮೊಟೊದಲ್ಲಿ ಇರುವುದೇ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲ ಪಾಚಿಯ ಸಾರಿನಿಂದ ಅದನ್ನು ಬೇರೆ ಮಾಡಿ ಸಾರಿನ ರುಚಿಗೆ ಇದೇ ಕಾರಣ ಅಂದರು. ಹಣ್ಣಾದ ಟೊಮೆಟೊದಲ್ಲೂ ಇದೆ. ಹೆದರಬೇಡಿ, ತಿಂದದ್ದು ಹಾಗೆಲ್ಲ ಸೀದಾ ಮೆದುಳಿಗೆ ಹೋಗುವುದಿಲ್ಲ, ನಡುವೆ ತಡೆ ಇದೆ. ಮೆದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ.

ಗ್ಲುಟಮೇಟ್ ಬಾರುಕೋಲು ಇದ್ದ ಹಾಗೆ. ಅದಕ್ಕೆ ಎದುರಾಗಿ ಗಾಬಾ ಅಂತ ಇನ್ನೊಂದಿದೆ, ಅದು ಮೂಗುದಾರ. ಎರಡೂ ಹದದಲ್ಲಿದ್ದರೆ ಗಾಡಿ ಸಾಲು ಹಿಡಿದು ಹೋಗುತ್ತದೆ. ಬಾರುಕೋಲು ಜೋರಾಗಿ ಮೂಗುದಾರ ಸಡಿಲವಾದರೆ ಎತ್ತು ಕಿತ್ತುಕೊಂಡು ಓಡುತ್ತದೆ. ಫಿಟ್ಸ್ ಅಂದರೆ ಹೆಚ್ಚುಕಮ್ಮಿ ಅದೇ.

ಗ್ಲುಟಮೇಟ್ ಬಂದು ಕೂರುವ ಜಾಗಗಳಿಗೆ ರಿಸೆಪ್ಟರ್ ಅನ್ನುತ್ತಾರೆ. ಅದರಲ್ಲಿ ಒಂದು ಜಾತಿಯ ಹೆಸರು ಎನ್‌ಎಂಡಿಎ. ಇದು ನನಗೆ ಬಹಳ ಹಿಡಿಸಿತು. ನಮ್ಮ ಡೇರಿ ಸಂಘದ ತಿಜೋರಿಗೆ ಎರಡು ಕೀ. ಒಂದು ನನ್ನ ಹತ್ತಿರ, ಒಂದು ಅಧ್ಯಕ್ಷರ ಹತ್ತಿರ. ಒಬ್ಬರೇ ಬಂದರೆ ತೆರೆಯುವುದಿಲ್ಲ. ಎನ್‌ಎಂಡಿಎ ಕೂಡ ಹಾಗೇ. ಅದರ ಬಾಯಿಗೆ ಮೆಗ್ನೀಸಿಯಂ ಬಿರಡೆ ಹಾಕಿಕೊಂಡಿರುತ್ತದೆ. ಗ್ಲುಟಮೇಟ್ ಬಂದು ಕೂತರೆ ಸಾಲದು. ಆ ಜೀವಕೋಶ ಅದೇ ಹೊತ್ತಿಗೆ ಬೇರೆ ಕಡೆಯಿಂದಲೂ ಎಚ್ಚರಗೊಂಡಿರಬೇಕು. ಆಗ ಬಿರಡೆ ಹಾರುತ್ತದೆ, ಒಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ನಾವು ಏನನ್ನಾದರೂ ಕಲಿಯುವುದು, ನೆನಪಿಡುವುದು ನಡೆಯುವುದೇ ಹೀಗಂತೆ. ಅಂದರೆ ಇದು ಕೆಟ್ಟ ವಸ್ತುವಲ್ಲ. ತಿಜೋರಿ ಹೇಗೆ ಬೇಕೋ ಹಾಗೆ ಬೇಕು.

ಇಲ್ಲಿಗೆ ಈಸ್ಟ್ರೊಜೆನ್ ಅನ್ನುವ ಹೆಣ್ಣಿನ ಹಾರ್ಮೋನ್ ಬರುತ್ತದೆ. ಅದರ ಕೆಲಸ ಗರ್ಭಕೋಶದಲ್ಲಿ ಮಾತ್ರ ಅಂತ ನಾನು ಬಿ.ಎಸ್ಸಿ.ಯಲ್ಲಿ ಓದಿ ಪಾಸಾಗಿದ್ದೆ. ಅಷ್ಟೇ ಅಲ್ಲ. 1990ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಕ್ಯಾಥರೀನ್ ವುಲಿ ಮತ್ತು ಬ್ರೂಸ್ ಮೆಕ್‌ಇವನ್ ಅವರ ತಂಡ ಹೆಣ್ಣು ಇಲಿಗಳ ಮೆದುಳನ್ನು ನೋಡಿತು. ಹಿಪೊಕ್ಯಾಂಪಸ್ ಅಂತ ಒಂದು ಭಾಗ, ನೆನಪಿಗೂ ಬೇಕಾದದ್ದು, ಎಷ್ಟೋ ಜನರ ಫಿಟ್ಸ್ ಹೊರಡುವ ಜಾಗವೂ ಅದೇ. ಅಲ್ಲಿನ ಜೀವಕೋಶದ ಕೊಂಬೆಗಳ ಮೇಲೆ ಹಾಗಲಕಾಯಿ ಮೇಲಿನ ಗುಳ್ಳೆಗಳಂತೆ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ. ಗ್ಲುಟಮೇಟ್ ಬಂದು ಮುಟ್ಟುವುದು ಹೆಚ್ಚಾಗಿ ಆ ಮುಳ್ಳುಗಳನ್ನೇ. ಇಲಿಗೆ ಬೆದೆ ನಾಲ್ಕೈದು ದಿನಕ್ಕೊಮ್ಮೆ. ಈಸ್ಟ್ರೊಜೆನ್ ಏರಿದ ದಿನ ಮುಳ್ಳುಗಳು ಜಾಸ್ತಿ. ಮಾರನೆ ದಿನಕ್ಕೆ ಸುಮಾರು ನೂರಕ್ಕೆ ಮೂವತ್ತು ಕಮ್ಮಿ. ಒಂದೇ ದಿನದಲ್ಲಿ! ಬೆಳೆದ ಮೆದುಳು ಬದಲಾಗುವುದಿಲ್ಲ ಅಂತ ನಮಗೆ ಪಾಠ ಮಾಡಿದ್ದರು. ಇಲ್ಲಿ ನೋಡಿದರೆ ಹುಣಸೆ ಮರದ ಹಾಗೆ ಚಿಗುರುತ್ತಿದೆ, ಉದುರುತ್ತಿದೆ.

ಆಮೇಲೆ ಎನ್‌ಎಂಡಿಎ ತಡೆಯುವ ಔಷಧಿ ಕೊಟ್ಟು ನೋಡಿದರು. ಈಸ್ಟ್ರೊಜೆನ್ ಇದ್ದರೂ ಮುಳ್ಳು ಹೆಚ್ಚಾಗಲಿಲ್ಲ. ಅಂದರೆ ಈಸ್ಟ್ರೊಜೆನ್ ಈ ಕೆಲಸ ಮಾಡಲು ಎನ್‌ಎಂಡಿಎ ಬೇಕು. ಇನ್ನೂ ಒಂದು ಹೆಜ್ಜೆ ಮುಂದೆ, ಈಸ್ಟ್ರೊಜೆನ್ ಕೊಟ್ಟ ಇಲಿಗಳಲ್ಲಿ ಎನ್‌ಎಂಡಿಎ ರಿಸೆಪ್ಟರ್‌ಗಳೇ ಹೆಚ್ಚಾಗಿದ್ದವು. 1997ರಲ್ಲಿ, ಅಂಥ ಜೀವಕೋಶ ಎನ್‌ಎಂಡಿಎ ಮೂಲಕ ಬರುವ ಸೂಚನೆಗೆ ಹೆಚ್ಚು ಜೋರಾಗಿ ಓಗೊಡುತ್ತದೆ ಅಂತಲೂ ಅಳೆದು ತೋರಿಸಿದರು. ತಿಜೋರಿಗಳ ಸಂಖ್ಯೆಯೇ ಜಾಸ್ತಿ ಆದ ಹಾಗಾಯಿತು.

ಇದಕ್ಕೂ ಮುಂಚೆ, 1968ರಲ್ಲೇ, ಇಲಿಯ ಹಿಪೊಕ್ಯಾಂಪಸ್‌ಗೆ ಸಣ್ಣ ಕರೆಂಟ್ ಕೊಟ್ಟು ನೋಡಿದವರು ತೆರಸಾವಾ ಮತ್ತು ಟಿಮಿರಾಸ್. ಈಸ್ಟ್ರೊಜೆನ್ ಏರುವ ದಿನ ಕಡಿಮೆ ಕರೆಂಟಿಗೇ ಫಿಟ್ಸ್ ಶುರುವಾಗುತ್ತಿತ್ತು. ನಾನು ಹುಟ್ಟಿದ್ದು 1968ರಲ್ಲಿ. ಡಾ. ಮಣಿ ಅವರ ಬಿಸಿನೀರಿನ ವರದಿ, ಈ ಇಲಿಯ ವರದಿ, ನಾನು, ಮೂರೂ ಒಂದೇ ವರ್ಷದ್ದು. ಮೂರೂ ಒಂದು ಕಡೆ ಸೇರಲು ಇಷ್ಟು ವರ್ಷ ಬೇಕಾಯಿತು.

ಮೂಗುದಾರದ ಕಥೆ ಹೆಣ್ಣಿನ ಇನ್ನೊಂದು ಹಾರ್ಮೋನ್ ಪ್ರೊಜೆಸ್ಟರಾನಿನದು. ಅದು ಮೆದುಳಿನಲ್ಲಿ ಅಲೊಪ್ರೆಗ್ನನೊಲೋನ್ ಅನ್ನುವ ವಸ್ತುವಾಗಿ ಬದಲಾಗಿ ಗಾಬಾದ ಹಿಡಿತ ಬಿಗಿ ಮಾಡುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಪ್ರೊಜೆಸ್ಟರಾನ್ ದಬಕ್ಕನೆ ಇಳಿಯುತ್ತದೆ. ಈಸ್ಟ್ರೊಜೆನ್ನೂ ಇಳಿಯುತ್ತದೆ, ಆದರೆ ಬಿಗಿ ಹಿಡಿದ ಕೈ ಒಮ್ಮೆಲೇ ಸಡಿಲವಾಗುವುದೇ ಆಗ ಹೆಚ್ಚಿನ ತೊಂದರೆ. ನನ್ನ 19 ನೀಲಿ ಗೀಟುಗಳು ಬಿದ್ದದ್ದು ಅಲ್ಲೇ. ಇನ್ನು ಕೆಲವರಿಗೆ ತಿಂಗಳ ನಡುವೆ, ಅಂಡ ಬಿಡುಗಡೆಯ ಹೊತ್ತಿಗೆ ಬರುತ್ತದೆ. ಈಸ್ಟ್ರೊಜೆನ್ ಏರಿ, ಪ್ರೊಜೆಸ್ಟರಾನ್ ಇನ್ನೂ ಬಂದಿರುವುದಿಲ್ಲ. ಬಾಸ್ಟನ್ನಿನ ಡಾ. ಆಂಡ್ರೂ ಹರ್ಜೋಗ್ 1997ರಲ್ಲಿ ಇಂಥ ಮೂರು ಬಗೆ ಗುರುತಿಸಿ ಹೆಸರಿಟ್ಟರು. ಫಿಟ್ಸ್ ಇರುವ ಹೆಂಗಸರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇಂಥ ಒಂದು ಲಯ ಇರುತ್ತದೆ ಅನ್ನುತ್ತಾರೆ. ಎಲ್ಲರಿಗೂ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ.

ಮುಟ್ಟಿಗೂ ಫಿಟ್ಸಿಗೂ ಸಂಬಂಧ ಇದೆ ಅನ್ನುವುದು ಹಳೇ ಮಾತೇ. 1857ರಲ್ಲಿ ಲಂಡನ್ನಿನಲ್ಲಿ, ವಿಕ್ಟೋರಿಯಾ ರಾಣಿಯ ಹೆರಿಗೆ ಡಾಕ್ಟರಾಗಿದ್ದ ಚಾರ್ಲ್ಸ್ ಲೋಕಾಕ್, ಮುಟ್ಟಿನ ಜೊತೆ ಬರುವ ಫಿಟ್ಸಿಗೆ ಪೊಟಾಸಿಯಂ ಬ್ರೊಮೈಡ್ ಕೊಟ್ಟೆ, ಕೆಲಸ ಮಾಡಿತು ಅಂದರು. ಫಿಟ್ಸಿಗೆ ನಿಜವಾಗಿ ಕೆಲಸ ಮಾಡಿದ ಮೊದಲ ಔಷಧಿ ಅದು. ಆ ಕಾಲದ ಯೋಚನೆ ಏನು ಗೊತ್ತಾ? ಹೆಣ್ಣಿನ ಆಸೆ ತಗ್ಗಿಸಿದರೆ ಫಿಟ್ಸ್ ತಗ್ಗುತ್ತದೆ ಅಂತ. ಕಾರಣ ಪೂರ್ತಿ ತಪ್ಪು, ಔಷಧಿ ಸರಿ. ಆಮೇಲೆ ಗಂಡಸರಿಗೂ ಅದನ್ನೇ ಕೊಟ್ಟರು. ಗುಟ್ಟಾಗಿ ಹೇಳುತ್ತೇನೆ, ಲಂಡನ್ನಿನವರು ಆಸೆ ತಗ್ಗಿಸಿ ಅಂದರು, ನಮ್ಮ ಡಾಕ್ಟರು ಮದುವೆ ಮಾಡಿ ಅಂದರು. ತಾರೀಕು ಬರೆದಿಡಿ ಅಂತ ನನಗೆ ಹೇಳಿದ್ದು ಓದು ಬಾರದ ನಮ್ಮತ್ತೆ.

ಇನ್ನೊಂದು ವಿಷಯ ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ರಯೋಗಕ್ಕೆ ಹೆಣ್ಣು ಇಲಿ ಬೇಡ ಅನ್ನುವವರೇ ಹೆಚ್ಚಿದ್ದರಂತೆ. ಅದಕ್ಕೆ ಬೆದೆ ಬರುತ್ತದೆ, ಲೆಕ್ಕ ಏರುಪೇರಾಗುತ್ತದೆ ಅಂತ. 2009ರ ನರವಿಜ್ಞಾನದ ಪತ್ರಿಕೆಗಳನ್ನು ಎಣಿಸಿದವರು ಬರೆದಿದ್ದಾರೆ. ಗಂಡು ಪ್ರಾಣಿಗಳನ್ನು ಮಾತ್ರ ಬಳಸಿದ ಅಧ್ಯಯನಗಳು, ಹೆಣ್ಣು ಮಾತ್ರ ಬಳಸಿದವಕ್ಕಿಂತ ಐದೂವರೆ ಪಟ್ಟು. ನನ್ನ ತಂಗಿ ಮಗಳನ್ನು ಕೇಳಿದೆ, ಹಾಗಾದರೆ ಏರುಪೇರನ್ನು ತಿಳಿಯಲೇಬೇಕಾದವರು ಏರುಪೇರು ಇಲ್ಲದ್ದನ್ನೇ ನೋಡಿದ್ರಾ? "ಹೌದು ದೊಡ್ಡಮ್ಮ," ಅಂದಳು. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಗಂಡು ಹೆಣ್ಣು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ ನಿಯಮ ಮಾಡಿದ್ದು 2016ರಿಂದ.

ಹಾಗಂತ ಎಲ್ಲ ತಿಳಿದುಬಿಟ್ಟಿದೆ ಅಂತಲ್ಲ. ಮೇಲೆ ಬರೆದದ್ದು ಬಹುಪಾಲು ಇಲಿಯ ಕಥೆ. ಈಸ್ಟ್ರೊಜೆನ್ ಅಂದರೆ ವಿಷ ಅಂತ ಓದಬೇಡಿ. ಅದೇ ಮುಳ್ಳುಗಳು ನೆನಪಿಗೂ ಬೇಕು. ಪ್ರಮಾಣ, ಹೊತ್ತು, ಆ ಹೆಂಗಸಿನ ಮೆದುಳು, ಎಲ್ಲ ಸೇರಿ ಲೆಕ್ಕ. ಹಾಗಾದರೆ ಪ್ರೊಜೆಸ್ಟರಾನ್ ಕೊಟ್ಟರಾಯಿತಲ್ಲ ಅಂತ ನನಗೂ ಅನ್ನಿಸಿತ್ತು. ಅದನ್ನೂ ನೋಡಿದ್ದಾರೆ. ಹರ್ಜೋಗ್ ಅವರ ತಂಡವೇ ಮಾಡಿದ ದೊಡ್ಡ ಪರೀಕ್ಷೆಯ ಫಲ 2012ರಲ್ಲಿ ಬಂತು. ಒಟ್ಟಾರೆ ನೋಡಿದರೆ, ಹೋಲಿಸಿ ನೋಡಲು ಸುಮ್ಮನೆ ಕೊಟ್ಟ ಔಷಧಿಯಿಲ್ಲದ ಮಾತ್ರೆಗಿಂತ ಹೆಚ್ಚೇನೂ ಉಪಯೋಗ ಕಾಣಲಿಲ್ಲ. ಮುಟ್ಟಿನ ಹಿಂದೆ ಮುಂದೆ ತುಂಬಾ ಜಾಸ್ತಿ ಬರುವವರಿಗೆ ಮಾತ್ರ ಸ್ವಲ್ಪ ಗುಣ ಕಂಡಿತು. ಅಂಥವರು ಯಾರು ಅಂತ ಗೊತ್ತಾಗುವುದು ಹೇಗೆ? ತಾರೀಕು ಬರೆದಿದ್ದರೆ ತಾನೇ.

ನನ್ನ ಕ್ಯಾಲೆಂಡರ್‌ಗಳನ್ನು ಮೊದಲು ಪೂರ್ತಿ ನೋಡಿದ್ದು 2001ರಲ್ಲಿ ಮೈಸೂರಿನ ಒಬ್ಬ ಡಾಕ್ಟರಮ್ಮ. ಮೂರು ವರ್ಷದ ಹಾಳೆಗಳನ್ನು ಮೇಜಿನ ಮೇಲೆ ಹರಡಿ ಬೆರಳಿಟ್ಟು ಎಣಿಸಿದರು. ದಿನದ ಮಾತ್ರೆ ಹಾಗೇ ಇಟ್ಟು, ಆ ಕೆಲವು ದಿನಕ್ಕೆ ಮಾತ್ರ ಇನ್ನೊಂದು ಮಾತ್ರೆ ಸೇರಿಸಿದರು. ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಯಾರಾದರೂ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೇಳುತ್ತಾರೆ. ವರ್ಷಕ್ಕೆ ಒಂಬತ್ತು ಹತ್ತು ಬರುತ್ತಿದ್ದದ್ದು ಒಂದೆರಡಕ್ಕೆ ಇಳಿಯಿತು. ಪೂರ್ತಿ ನಿಲ್ಲಲಿಲ್ಲ. ಮುಟ್ಟು ನಿಲ್ಲುವ ಹೊತ್ತಿಗೆ, ನಲವತ್ತೇಳು ನಲವತ್ತೆಂಟರಲ್ಲಿ, ಮತ್ತೆ ಎರಡು ವರ್ಷ ಕಾಡಿತು. ಹಾರ್ಮೋನ್ ಆಗ ಅಡ್ಡಾದಿಡ್ಡಿ ಏರಿಳಿಯುತ್ತದೆ, ಇದು ಹಲವರಿಗೆ ಆಗುತ್ತದೆ ಅಂದರು. ಆಮೇಲೆ ತಣ್ಣಗಾಯಿತು. ಈಗ ಆರು ವರ್ಷದಿಂದ ಬಂದಿಲ್ಲ. ಮಾತ್ರೆ ಮಾತ್ರ ತಗೊಳ್ತಾ ಇದೀನಿ.

ಆ ಡಾಕ್ಟರಮ್ಮ ಹೇಳಿದ ಇನ್ನೊಂದು ಮಾತು, ನಿಮ್ಮ ಪ್ರಶ್ನೋತ್ತರದ ತಾಯಿಗೆ ಮುಂದೆ ಬೇಕಾಗಬಹುದು. ಕೆಲವು ಫಿಟ್ಸ್ ಮಾತ್ರೆಗಳು ಗರ್ಭನಿರೋಧಕ ಗುಳಿಗೆಯ ಬಲ ಕಮ್ಮಿ ಮಾಡುತ್ತವೆ. ಲ್ಯಾಮೊಟ್ರಿಜಿನ್ ಅನ್ನುವ ಫಿಟ್ಸ್ ಮಾತ್ರೆ ತಗೊಳ್ಳುವವರಿಗೆ ತಿರುಗುಮುರುಗು, ಈಸ್ಟ್ರೊಜೆನ್ ಇರುವ ಗುಳಿಗೆಯೇ ಫಿಟ್ಸ್ ಮಾತ್ರೆಯನ್ನು ರಕ್ತದಲ್ಲಿ ಇಳಿಸಿಬಿಡುತ್ತದೆ. ವಾಲ್‌ಪ್ರೊಯೇಟ್ ಅನ್ನುವ ಇನ್ನೊಂದು ಫಿಟ್ಸ್ ಮಾತ್ರೆ ಬಸುರಿನಲ್ಲಿ ಮಗುವಿಗೆ ತೊಂದರೆ ಮಾಡಬಹುದು. ಹಾಗಂತ ತಾನಾಗಿ ನಿಲ್ಲಿಸಿದರೆ ಇನ್ನೂ ಅಪಾಯ. ಹೆಣ್ಣುಮಗು ದೊಡ್ಡವಳಾಗುವ ಮುಂಚೆಯೇ ಡಾಕ್ಟರ ಹತ್ತಿರ ಈ ಮಾತು ಎತ್ತಬೇಕು. ನಾಚಿಕೆ ಪಟ್ಟು ಕೂತರೆ ಆಗುವುದಿಲ್ಲ.

ಈಗ ನನ್ನ ಕೋರಿಕೆ. ಫಿಟ್ಸ್ ಬರೆದಿಡಿ ಅಂತ ಕೊಡುವ ಪುಸ್ತಕಗಳನ್ನು ನಾನು ನಾಲ್ಕೈದು ನೋಡಿದ್ದೇನೆ. ತಾರೀಕು, ಗಂಟೆ, ಎಷ್ಟು ನಿಮಿಷ, ಮಾತ್ರೆ ತಪ್ಪಿತಾ, ನಿದ್ದೆಗೆಟ್ಟಿರಾ, ಎಲ್ಲಕ್ಕೂ ಕಾಲಂ ಇದೆ. ನನ್ನ ಕೈಗೆ ಬಂದ ಯಾವುದರಲ್ಲೂ ಮುಟ್ಟಿನ ದಿನಕ್ಕೆ ಕಾಲಂ ಇರಲಿಲ್ಲ. ಡೇರಿಯಲ್ಲಿ ಹಸುವಿಗೆ ಒಂದು ಪುಸ್ತಕ ಇತ್ತು, ಬೆದೆಗೆ ಬಂದದ್ದು, ಸೂಜಿ ಹಾಕಿದ್ದು, ಗಬ್ಬ ನಿಂತದ್ದು, ಕರು ಹಾಕಿದ್ದು. ಅದನ್ನು ನಾನೇ ಇಪ್ಪತ್ತನಾಲ್ಕು ವರ್ಷ ಬರೆದೆ.

ನವೆಂಬರ್ 17ಕ್ಕೆ ರಾಷ್ಟ್ರೀಯ ಮೂರ್ಛೆ ರೋಗ ದಿನ ಅಂತ ನೀವು ಪ್ರತಿವರ್ಷ ಲೇಖನ ಹಾಕುತ್ತೀರಿ. ಬೀಗದ ಕೈ ಹಿಡಿಸಬೇಡಿ, ಚಪ್ಪಲಿ ಮೂಸಿಸಬೇಡಿ, ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ ಅಂತ. ಅದು ಇರಲಿ, ಬೇಕು. ಈ ಸಲ ಅದರ ಕೆಳಗೆ ಹನ್ನೆರಡು ತಿಂಗಳ ಒಂದು ಖಾಲಿ ಪಟ್ಟಿ ಅಚ್ಚು ಹಾಕಿ. ದಿನಕ್ಕೆ ಎರಡು ಮನೆ ಇರಲಿ, ಒಂದು ಫಿಟ್ಸಿಗೆ, ಒಂದು ಮುಟ್ಟಿಗೆ. ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವ ಹಾಗೆ. ಕಾಲು ಪುಟ ಸಾಕು. ಜಾಹೀರಾತಿನ ಜಾಗ ಹೋಗುತ್ತದೆ, ಗೊತ್ತು.

ಕೊನೆಗೆ ಒಂದು ವಿಷಯ. ಪತ್ರ ಹಾಕಿದರೆ ನನ್ನ ಹೆಸರು, ಊರು ಹಾಕಬೇಡಿ. ನನಗೇನೂ ಇಲ್ಲ, ಐವತ್ತೇಳು ದಾಟಿದೆ. ಬರೆದದ್ದನ್ನು ನಿನ್ನೆ ತಂಗಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿದಳು. ಆಮೇಲೆ, "ಅಕ್ಕ, ಹೆಸರು ಬೇಡ ಕಣೇ, ಮಗಳಿಗೆ ಗಂಡು ನೋಡ್ತಿದೀವಿ" ಅಂದಳು. ಎನ್‌ಎಂಡಿಎ ಅಂದರೆ ಏನು ಅಂತ ನನಗೆ ಹೇಳಿಕೊಟ್ಟ ಮಗಳಿಗೇ.

ಇಂತಿ,
ಹಾಲಿನ ಡೇರಿಯ ಮಾಜಿ ಕಾರ್ಯದರ್ಶಿ,
ಕೊಳ್ಳೇಗಾಲ ತಾಲ್ಲೂಕು